ಬಲಗೆನ್ನೆಯ ಹುಳ

ಜನವರಿ 12, ಭಾನುವಾರ. ಬೆಳಗ್ಗೆ 6.50

ಬೇಸಿನ್ ಮೇಲೆ ಹಳೆಯ ಪೇಪರ್ ಹಾಸಿದ್ದಾಯಿತು. ಟ್ರಿಮ್ಮರ್ ಏಳು ಮಿಲಿಮೀಟರಿಗೆ. ಕತ್ತಿನ ಕೆಳಗೆ ಎರಡು ಸಲ, ಕೆನ್ನೆಯ ಮೇಲಂಚಿಗೆ ಒಂದು ಸಲ, ತುಟಿಗೆ ಇಳಿದ ಮೀಸೆ ಕತ್ತರಿಯಲ್ಲಿ. ಬೇರೆಯವರಿಗೆ ಗೊತ್ತಾಗಬಾರದು, ನನಗೆ ಗೊತ್ತಾಗಬೇಕು — ಅಷ್ಟು. ಪೇಪರ್ ಮಡಚಿ ಕಸದ ಬುಟ್ಟಿಯ ತಳಕ್ಕೆ, ಮೇಲೆ ಬಾಳೆಹಣ್ಣಿನ ಸಿಪ್ಪೆ. ಮನೆಯಲ್ಲಿರುವುದು ನಾನೊಬ್ಬನೇ. ಯಾರಿಂದ ಮುಚ್ಚಿಡುತ್ತಿದ್ದೇನೋ!

ಇದು ಮೂರನೇ ಸಲ.

ದೀಪಶ್ರೀ ತೀರ್ಥಹಳ್ಳಿಯಲ್ಲಿ, ತವರಿನಲ್ಲಿ. ಏಳು ತಿಂಗಳ ಬಸುರಿ. ಹೆಂಡತಿ ಬಸುರಿಯಾದರೆ ಗಂಡ ಗಡ್ಡ ತೆಗೆಯಬಾರದು ಅಂತ ಎರಡೂ ಮನೆಯಲ್ಲಿ ಪದ್ಧತಿ. ದೀಪಾ ಇಂಥದ್ದಕ್ಕೆಲ್ಲ ನಗುವವಳು. ಆದರೆ ಮೂರು ವರ್ಷದ ಹಿಂದೆ, ಅವಳಿಗೆ ನಾಲ್ಕು ತಿಂಗಳಿದ್ದಾಗ, ಚಿಕ್ಕಪ್ಪನ ಮಗನ ಮದುವೆಗೆಂದು ನುಣ್ಣಗೆ ಶೇವ್ ಮಾಡಿಕೊಂಡು ಹೋಗಿದ್ದೆ. ಮರುವಾರ ಮಗು ಹೋಯಿತು. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂದರು ಡಾಕ್ಟರಮ್ಮ. ನನಗೂ ಗೊತ್ತು. ಈ ಸಲ ಬಸುರಿ ಅಂತ ಗೊತ್ತಾದ ದಿನ ದೀಪಾ ಕೇಳಿದ್ದು ಒಂದೇ.

"ಹೆರಿಗೆ ಆಗೋವರೆಗೆ ಗಡ್ಡ ಮುಟ್ಬೇಡಿ. ಬೇರೆ ಎಂತದೂ ಬೇಡ ನಂಗೆ."

ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟೆ.

ಮುರಿದದ್ದು ಯಾತಕ್ಕೆ? ಹೊಸನಗರದ ನಮ್ಮ ಆಫೀಸಿಗೆ ಹೊಸದಾಗಿ ಬಂದ ಆಪರೇಟರ್ ಕವನಾ "ಸರ್, ಗಡ್ಡ ನಿಮಗೆ ಒಪ್ತದೆ, ಸ್ವಲ್ಪ ಶೇಪ್ ಕೊಟ್ರೆ ಇನ್ನೂ ಚೆನ್ನಾಗಿರ್ತದೆ" ಅಂದಿದ್ದಳು. ಮೂವತ್ತಾರರ ಗುಮಾಸ್ತನಿಗೆ ಅಷ್ಟು ಸಾಕಾಯಿತು. ಥೂ.

ಫೆಬ್ರವರಿ 1, ಶನಿವಾರ. ಬೆಳಗ್ಗೆ 8

ಕೆಟ್ಟೆ.

ತೊಳೆದಿಟ್ಟ ಪ್ಲಾಸ್ಟಿಕ್ ಬಾಚಣಿಗೆಯನ್ನು ಟ್ರಿಮ್ಮರಿಗೆ ಸಿಕ್ಕಿಸಲು ಮರೆತೆ. ಬರೀ ಬ್ಲೇಡು. ಒಂದೇ ಎಳೆತ — ಬಲಗೆನ್ನೆಯಲ್ಲಿ ಕಿವಿಯಿಂದ ಬಾಯಿಯ ಕಡೆಗೆ ಹೆಬ್ಬೆರಳಗಲದ ರಸ್ತೆ. ದೀಪಾ ಬಿಟ್ಟುಹೋದ ಕಾಡಿಗೆ ಹಚ್ಚಿ ನೋಡಿದೆ. ಇನ್ನೂ ಅಸಹ್ಯ. ತೊಳೆದೆ.

ನಾಳೆ ಭಾನುವಾರ. ತೀರ್ಥಹಳ್ಳಿಗೆ ಹೋಗಲೇಬೇಕು. ಹೇಳಿಬಿಡುತ್ತೇನೆ. ಕೈ ಜಾರಿತು ಅಂತ... ಟ್ರಿಮ್ಮರ್ ಕೈಗೆ ಹೇಗೆ ಬಂತು ಅಂತ ಕೇಳಿದರೆ?

ಫೆಬ್ರವರಿ 2, ಭಾನುವಾರ. ಸಂಜೆ, ವಾಪಸ್ ಬಸ್ಸಿನಲ್ಲಿ

ಹೇಳಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸುಳ್ಳನ್ನು ಕೈಗೆ ಕೊಟ್ಟುಬಿಟ್ಟರು.

"ಎಂತ ಮಾರಾಯ್ರೆ ಇದು, ಕೆನ್ನೆ ಹುಳ ತಿಂದಂಗೆ ಆಗಿದೆ?"

"ಹ್ಞೂಂ" ಅಂದೆ. ಅಷ್ಟೇ ಅಂದದ್ದು. ಕೂದಲು ತಾನಾಗಿ ಉದುರುವ ಆ ಕಾಯಿಲೆ ನನಗೆ ಅಲ್ಲಿಂದ ಶುರುವಾಯಿತು.

ದೀಪಾ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. "ಉರೀತದಾ? ಫೋನಲ್ಲಿ ಯಾಕೆ ಹೇಳ್ಲಿಲ್ಲ ನೀವು?" ಹುಳಕ್ಕೆ ಮದ್ದೆಂದು ತಾನೇ ಬೆಳ್ಳುಳ್ಳಿ ಜಜ್ಜಿದಳು. ಹೊಟ್ಟೆ ಅಡ್ಡ ಬರುತ್ತದೆಂದು ಕಲ್ಲಿನ ಮುಂದೆ ಓರೆಯಾಗಿ ಕೂತಿದ್ದಳು. ಅವಳೇ ಹಚ್ಚಿದಳು. ನನ್ನ ಕಣ್ಣಲ್ಲಿ ನೀರು ಬಂತು. ಪಾಪ, ಬೆಳ್ಳುಳ್ಳಿಯ ಉರಿಗೆ ಅಂದುಕೊಂಡಳು.

ಫೆಬ್ರವರಿ 8, ಶನಿವಾರ. ಬೆಳಗ್ಗೆ

ಕೂದಲು ಜೋರಾಗಿ ಬರುತ್ತಿದೆ. ಒಳ್ಳೆಯದಲ್ಲವೇ? ಅಲ್ಲ. ನಿನ್ನೆ ಆಫೀಸಿನಲ್ಲಿ ಪಕ್ಕದ ಟೇಬಲ್ಲಿನ ರಾಜೇಂದ್ರ ಬಗ್ಗಿ ನೋಡಿದ.

"ನಂಗೆ ತಲೇಲಿ ಹುಳ ತಿಂದಾಗ ಕೂದ್ಲು ಬರಕ್ಕೆ ಆರು ತಿಂಗ್ಳು ಬೇಕಾಯ್ತು ಮಾರಾಯ. ನಿಂಗೆ ಐದೇ ದಿನಕ್ಕಾ?"

ರಾಜೇಂದ್ರನಿಗೇ ಅನುಮಾನ ಬಂದರೆ ದೀಪಾಗೆ ಬರದೆ ಇರುತ್ತದೆಯೇ? ನಾಳೆ ಹೋಗಬೇಕು.

ಮತ್ತೆ ಬೋಳಿಸಿದೆ. ಆ ರಸ್ತೆಯನ್ನಷ್ಟೇ, ಅಳತೆ ನೋಡಿಕೊಂಡು. ಈ ಸಲ ಕೈ ಜಾರಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ನಾನೇ ನೋಡುತ್ತ ಮಾಡಿದೆ. ನಾಚಿಕೆಯಾಗಬೇಕು.

ಫೆಬ್ರವರಿ 23, ಭಾನುವಾರ. ಮಧ್ಯಾಹ್ನ

ಹದಿನೈದನೇ ತಾರೀಕು ಒಂದು ಸಲ. ನಿನ್ನೆ ಇನ್ನೊಂದು ಸಲ. ಬರೆಯಲು ಮನಸ್ಸಾಗಿರಲಿಲ್ಲ.

ಇವತ್ತು ಚೆಕಪ್. ದೀಪಾಗೆ ಬಿ.ಪಿ. ನೂರೈವತ್ತು. ಕಾಲು ಊದಿದೆ. ಡಾಕ್ಟರಮ್ಮ ಬೈದರು. "ನಿದ್ದೆ ಮಾಡ್ತಿಲ್ವಾ? ಎಂತ ಯೋಚನೆ ನಿಂಗೆ?"

ದೀಪಾ ನನ್ನ ಕಡೆ ಕೈ ತೋರಿಸಿದಳು.

"ಇವರ ಕೆನ್ನೆ, ಮೇಡಂ. ಮೂರು ವಾರ ಆಯ್ತು, ಎಷ್ಟು ಹಚ್ಚಿದ್ರೂ ಒಂದು ಕೂದ್ಲು ಬರ್ಲಿಲ್ಲ. ರಕ್ತದಲ್ಲೇ ಎಂತಾದ್ರೂ ತೊಂದ್ರೆ ಇದ್ರೆ ಹಿಂಗಾಗ್ತದೆ ಅಂತ ಫೋನಲ್ಲಿ ಓದಿದೆ. ಮಗುಗೂ ಬರ್ತದಾ ಮೇಡಂ?"

ಡಾಕ್ಟರಮ್ಮ ದೂರದಿಂದಲೇ ನನ್ನತ್ತ ನೋಡಿ, ಸಾಗರದಲ್ಲಿ ಚರ್ಮದ ಡಾಕ್ಟರಿದ್ದಾರೆ ತೋರಿಸಿ, ಇದಕ್ಕೆಲ್ಲ ಹೆದರಬೇಡ ಅಂದು ಮಾತ್ರೆ ಬರೆದರು. ಅಲ್ಲೇ ಹೇಳಬಹುದಿತ್ತು. ಡಾಕ್ಟರ ಎದುರಿಗೆ, ಒಂದೇ ವಾಕ್ಯ. ಮಾತ್ರೆ ಚೀಟಿ ಹಿಡಿದುಕೊಂಡು ನಿಂತಿದ್ದೆ.

ಗಡ್ಡದಿಂದ ಮಗುವಿಗೆ ಏನೂ ಆಗುವುದಿಲ್ಲ ಅಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೆ! ಗಡ್ಡದಿಂದ ಆಗಲಿಲ್ಲ. ನನ್ನಿಂದ ಆಗುತ್ತಿದೆ.

ಮಾರ್ಚ್ 2, ಭಾನುವಾರ. ಸಂಜೆ

ಈ ವಾರ ಟ್ರಿಮ್ಮರ್ ಮುಟ್ಟಲಿಲ್ಲ. ಕೂದಲು ಬಂದಿದೆ. ದೀಪಾ ಬೆರಳಾಡಿಸಿ ನೋಡಿ ಅತ್ತೇಬಿಟ್ಟಳು. ದೇವರಿಗೆ ತುಪ್ಪದ ದೀಪ ಹಚ್ಚಿಸಿದಳು. ಯಾವುದಕ್ಕೂ ಕೈಮುಗಿಯದವಳು!

ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ. ಅತ್ತೆ ಪಕ್ಕ ಬಂದು ನಿಂತರು. ಸ್ವರ ಇಳಿಸಿ ಮಾತಾಡಿದರು.

"ಹುಳ ದುಂಡಗೆ ತಿಂತದೆ. ನಿಮ್ಮ ಹುಳ ಗೆರೆ ಹಾಕಿ ತಿಂದಿತ್ತು."

ನೀರು ಸುರಿಯುತ್ತಲೇ ಇತ್ತು. ನಲ್ಲಿ ನಿಲ್ಲಿಸಿದ್ದು ಅವರೇ.

"ಮೊದ್ಲನೇ ದಿನ ಬಾಯಿಗೆ ಬಂದಿದ್ದು ಅಂದೆ, ಅದು ನನ್ನ ತಪ್ಪು. ಉಳಿದಿದ್ದು ನಿಮ್ಮದು. ನಾನು ಅವಳಿಗೆ ಹೇಳಲ್ಲ. ನೀವೇ ಹೇಳ್ಬೇಕು."

"ಬಿ.ಪಿ. ಇಳೀಲಿ ಅತ್ತೆ" ಅಂದೆ. ನೆಪ ಒಳ್ಳೆಯದೇ ಸಿಕ್ಕಿತು. ಅತ್ತೆ ಒಳಗೆ ಹೋದರು. ಊಟಕ್ಕೆ ಮಾತ್ರ ಎಂದಿನಂತೆ ಎರಡೆರಡು ಸಲ ಬಡಿಸಿದರು.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ 3, ಆಸ್ಪತ್ರೆ

ಹೆಣ್ಣು ಮಗು. 11.20ಕ್ಕೆ. ಬಿ.ಪಿ. ಇಳಿಯಲೇ ಇಲ್ಲ. ಇನ್ನು ಕಾಯುವುದು ಬೇಡ ಅಂತ ಮೂರು ವಾರ ಮೊದಲೇ ನೋವು ಬರಿಸಿದರು. ಎರಡು ಕೆ.ಜಿ. ಇನ್ನೂರು ಗ್ರಾಂ. ದೀಪಾ ಹುಷಾರಿದ್ದಾಳೆ. ಮಗುವನ್ನು ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ — ಭಯವಿಲ್ಲವಂತೆ.

ಗಾಜಿನಾಚೆ ನೋಡಿದೆ. ಎಷ್ಟು ಸಣ್ಣದು. ಆ ಮೂರು ವಾರವನ್ನು ನಾನೇ ಕಿತ್ತುಕೊಂಡೆನೋ ಏನೋ. ಡಾಕ್ಟರನ್ನು ಕೇಳಬಹುದು. ಕೇಳಲು ಧೈರ್ಯವಿಲ್ಲ. ಕಣ್ಣೊರೆಸಿಕೊಂಡರೆ ನರ್ಸ್ ನಕ್ಕರು. "ಅಪ್ಪನಿಗೆ ಖುಷಿ ನೋಡಿ!"

ಮಾರ್ಚ್ 28, ಶುಕ್ರವಾರ. ಬೆಳಗ್ಗೆ 7.15, ತೀರ್ಥಹಳ್ಳಿ

ಹನ್ನೊಂದನೇ ದಿನ. ಹತ್ತು ಗಂಟೆಗೆ ಪುಣ್ಯಾಹ. ಅದಕ್ಕೆ ಮೊದಲು ನನ್ನ ಗಡ್ಡ ತೆಗೆಸಬೇಕು. ಬಸ್‌ಸ್ಟ್ಯಾಂಡ್ ಹತ್ತಿರ ಸಲೂನ್ ಇಟ್ಟಿರುವ ಶೇಷಪ್ಪ ಮನೆಗೇ ಬರುತ್ತಾನೆ ಅಂತ ನಿನ್ನೆ ದೀಪಾ ಹೇಳಿದಳು. "ಪಾಪ, ಎಷ್ಟು ತಿಂಗ್ಳು ಹೊತ್ತಿದೀರಿ" ಅಂದಳು.

ಶೇಷಪ್ಪ ಗಲ್ಲಕ್ಕೆ ಕೈ ಹಚ್ಚಿದರೆ ಸಾಕು, ಇದು ಮೆಷಿನ್ ಕಂಡ ಗಡ್ಡ ಅಂತ ಗೊತ್ತಾಗುತ್ತದೆ. ಬಾಯಿ ಜೋರು ಅವನದು. ಆ ಹೆದರಿಕೆಗೇ ಹೇಳಿದೆ. ಒಳ್ಳೆಯತನದಿಂದಲ್ಲ — ಇಲ್ಲಾದರೂ ನಿಜ ಬರೆಯುತ್ತೇನೆ.

ಈಗ, ಹತ್ತು ನಿಮಿಷದ ಹಿಂದೆ. ಮಗು ದೀಪಾಳ ತೊಡೆಯ ಮೇಲಿತ್ತು. ಎಲ್ಲ ಹೇಳಿದೆ. ಕವನಾ ಅಂದ ಮಾತು, ಬಾಚಣಿಗೆ ಮರೆತದ್ದು, ಹುಳ. ದೀಪಾ ನನ್ನ ಕಡೆ ನೋಡಲಿಲ್ಲ.

"ಎಷ್ಟು ಸಲ?"

"ಏಳು."

"ನಾನು ಬೆಳ್ಳುಳ್ಳಿ ಹಚ್ಚಿದ ಮೇಲೆ?"

"ಮೂರು."

ಮಗುವಿನ ಟೊಪ್ಪಿ ಸರಿಮಾಡಿದಳು. ಸರಿಯಾಗಿಯೇ ಇತ್ತು.

"ಗಡ್ಡ ತೆಗೆದ್ರೆ ಮಗು ಹೋಗ್ತದೆ ಅಂತ ನಾನು ಯಾವತ್ತೂ ನಂಬಿಲ್ಲ" ಅಂದಳು. "ಹೋದ್ಸಲ ಆದದ್ದೆಲ್ಲ ನನ್ನ ಮೈಗೇ ಆಯ್ತು. ನೀವು ಮೂರನೇ ದಿನಕ್ಕೆ ಆಫೀಸಿಗೆ ಹೋದ್ರಿ. ನುಣ್ಣಗಿನ ಮುಖ ಇಟ್ಕೊಂಡು. ಈ ಸಲ ನಿಮ್ಮ ಮೈಮೇಲೂ ಎಂತಾದ್ರೂ ಬೆಳೀಲಿ ಅಂತ ಕೇಳಿದ್ದೆ. ಅಷ್ಟೇ."

ಅಷ್ಟರಲ್ಲಿ ಗೇಟಿನಲ್ಲಿ ಸ್ಕೂಟರ್ ನಿಂತ ಸದ್ದು.

"ಶೇಷಪ್ಪನ್ನ ವಾಪಸ್ ಕಳ್ಸಿ" ಅಂದಳು. "ಒಂಬತ್ತು ತಿಂಗ್ಳು. ಇವತ್ತಿಂದ ಎಣ್ಸಿ." ಮಗುವನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಮೂಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಹೊರಗೆ ಹೋಗಲಾರದೆ. ಜಗಲಿಯಲ್ಲಿ ಶೇಷಪ್ಪ ಬಿಸಿನೀರು ಕೇಳುತ್ತಿದ್ದಾನೆ. "ಮಗೂನ ಅಪ್ಪಯ್ಯ ಎಲ್ಲಿ? ಕೂರ್ಸಿ ಬೇಗ!" ಅತ್ತೆ ಬಾಗಿಲಿಗೆ ಬಂದು ನಿಂತಿದ್ದಾರೆ. ಅವನಿಗೆ ಏನಂತ ಹೇಳಲಿ... ಜ್ವರ ಅನ್ನಬಹುದು. ಹರಕೆ ಅಂದರೂ ನಂಬುತ್ತಾನೆ. ಬೇಡ. ಹೋಗಿ ಈ ಸಲ ಇದ್ದದ್ದನ್ನು ಇದ್ದ ಹಾಗೆ —