ದೊಡ್ಡಪ್ಪನ ಹಳೇ ಡಾಸ್

೧೮ ಆಗಸ್ಟ್ ೨೦೦೪, ಬುಧವಾರ. ಮುಳಬಾಗಿಲು.

ಮೂರು ಸಲ ಸೋಪು ಹಾಕಿ ತೊಳೆದರೂ ಪ್ರಿಂಟರ್ ರಿಬ್ಬನ್ನಿನ ಮಸಿ ಬೆರಳಿನಿಂದ ಹೋಗಿಲ್ಲ. ಊಟ ಸೇರಲಿಲ್ಲ.

ಊರೆಲ್ಲ ವಿಂಡೋಸ್‌ಗೆ ಬಂದು ಎಷ್ಟೋ ವರ್ಷವಾಯಿತು. ಪುರೋಹಿತರಾದ ನಮ್ಮ ದೊಡ್ಡಪ್ಪ ಮಾತ್ರ ಜಾತಕ ತೆಗೆಯಲು ಆ ಕಪ್ಪು ಪರದೆಯ ಹಳೇ ಡಾಸ್ ಪ್ರೋಗ್ರಾಂ ಬಿಡುವುದಿಲ್ಲ. ಅಭ್ಯಾಸಬಲ ಎಂದುಕೊಂಡಿದ್ದೆ. ಇವತ್ತು ಅವರ ಕಂಪ್ಯೂಟರಿಗೆ ಹೊಸ ಜಾತಕದ ಪ್ರೋಗ್ರಾಂ ಹಾಕಿ, ಪರೀಕ್ಷೆಗೆಂದು ನನ್ನದೇ ಜನನ ಸಮಯ ಕೊಟ್ಟೆ: ಬೆಳಗಿನ ಜಾವ ನಾಲ್ಕೂವರೆ. ಪೂರ್ವಾಷಾಢ ಬಂತು. ದೊಡ್ಡಪ್ಪ ಹಳೆಯದರಲ್ಲಿ ತೆಗೆದುಕೊಟ್ಟದ್ದು ಮೂಲಾ ನಕ್ಷತ್ರ. ಮಾವನಿಗೆ ಆಗಿಬರುವುದಿಲ್ಲವೆಂದು ಮೂರು ಗಂಡಿನ ಕಡೆಯವರು ನನ್ನನ್ನು ಬೇಡವೆಂದದ್ದು ಅದಕ್ಕೇ.

ಸೂರ್ಯ ಹುಟ್ಟುವವರೆಗೆ ಹಿಂದಿನ ದಿನವೇ ಎಂಬುದು ನಮ್ಮ ಸಂಪ್ರದಾಯ. ಹಾಗೆಂದು ದೊಡ್ಡಪ್ಪ ತಾರೀಖನ್ನೂ ಒಂದು ದಿನ ಹಿಂದಕ್ಕೆ ಹಾಕುತ್ತಿದ್ದರು. ಕಂಪ್ಯೂಟರಿಗೆ ದಿನ ಬದಲಾಗುವುದು ನಡುರಾತ್ರಿಗೆ, ಹಾಗಾಗಿ ಲೆಕ್ಕ ಪೂರ್ತಿ ಒಂದು ದಿನ ತಪ್ಪುತ್ತಿತ್ತು. ಹಳೆಯದು ಏನೂ ಕೇಳದೆ ಒಪ್ಪಿಕೊಳ್ಳುತ್ತಿತ್ತು. ಹೊಸದು ಆಸ್ಪತ್ರೆಯ ಚೀಟಿಯ ತಾರೀಖನ್ನೇ ಹಾಕಿ ಎಂದು ಮೊದಲೇ ಎಚ್ಚರಿಸುತ್ತದೆ.

"ಗೊತ್ತು ಕಣಮ್ಮ, ನಾಲ್ಕು ವರ್ಷದ ಹಿಂದೇನೇ ಗೊತ್ತಾಯ್ತು," ಎಂದರು ದೊಡ್ಡಪ್ಪ, ನಾನು ತಪ್ಪು ತೋರಿಸಿದಾಗ. "ಈಗ ಹೊಸದು ಇಟ್ಕೊಂಡ್ರೆ, ಕೊಟ್ಟಿರೋ ಜಾತಕಕ್ಕೆಲ್ಲ ಏನು ಉತ್ತರ ಹೇಳ್ಲಿ? ಅದನ್ನ ತೆಗ್ದು ಹಳೇದನ್ನೇ ಇಡು, ಪ್ರಿಂಟರಿಗೆ ರಿಬ್ಬನ್ ಹಾಕು."

ಆ ತಣ್ಣಗಿನ ದನಿ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಹೊಸದನ್ನು ತೆಗೆದು ರಿಬ್ಬನ್ ಹಾಕಿದೆ. ಅಷ್ಟರಲ್ಲಿ ಬೈರಕೂರಿನಿಂದ ಒಬ್ಬಾಕೆ ಮೊಮ್ಮಗಳ ಜಾತಕಕ್ಕೆ ಬಂದಳು.

"ಮಗು ಎಷ್ಟೊತ್ತಿಗೆ ಹುಟ್ತಮ್ಮ?"

"ಕೋಳಿ ಕೂಗೋ ಹೊತ್ತು ಸ್ವಾಮಿ."

ದೊಡ್ಡಪ್ಪ ತಾರೀಖನ್ನು ಒಂದು ದಿನ ಹಿಂದಕ್ಕೆ ಹಾಕಿದರು. ಪ್ರಿಂಟರಿನಿಂದ ಕಾಗದ ಹರಿದು ಆಕೆಯ ಕೈಗೆ ಕೊಟ್ಟವಳು ನಾನು.