ಹಾರನಹಳ್ಳಿಯಲ್ಲಿ ಮೂರು ಕುಕ್ಕರ್

ಅರಸೀಕೆರೆ, ೧೪ ಜುಲೈ ೧೯೯೯, ಬುಧವಾರ

ಇವತ್ತು ಹಾರನಹಳ್ಳಿಯಲ್ಲಿ ಮೂರು ಕುಕ್ಕರ್ ಮಾರಿದೆ. ಆದರೂ ಊಟ ಸೇರಲಿಲ್ಲ.

ಎರಡು ವಾರದಿಂದ ಒಂದೂ ಹೋಗಿರಲಿಲ್ಲ. ಬೇಯಿಸಿ ತೋರಿಸದಿದ್ದರೆ ಸಿಡಿಯುತ್ತದೆಂದು ಹೆಂಗಸರು ಹೆದರುತ್ತಾರೆ. ತೋರಿಸಲು ಅಡುಗೆಮನೆಗೆ ಹೋಗಬೇಕು. ಅದಕ್ಕೆ ಮೊದಲು ಜಾತಿ ಕೇಳುತ್ತಾರೆ.

ಸಾವಿತ್ರಮ್ಮನವರ ಮನೆಯಲ್ಲೂ ಕೇಳಿದರು. ಬೌದ್ಧರು ಅಂದೆ. "ಅದಕ್ಕೂ ಮೊದ್ಲು?" ಅಂದರು. ಅದನ್ನೂ ಹೇಳಿದೆ. "ಬ್ಯಾಸರ ಮಾಡ್ಕಬ್ಯಾಡ ಕಣಪ್ಪ, ಒಳಗೆ ನಮ್ಮತ್ತೆ ಅವ್ರೆ."

ಎದ್ದು ಬರಬೇಕಿತ್ತು. ಈ ತಿಂಗಳೂ ಸರಿಯಾಗಿ ಮಾರದಿದ್ದರೆ ಕೆಲಸವಿಲ್ಲ ಎಂದಿದ್ದ ಮ್ಯಾನೇಜರ್ ನೆನಪಾದರು. "ನಾನು ಜಗುಲಿ ಮೇಲೇ ಇರ್ತೀನಮ್ಮ, ನೀವೇ ಒಲೆ ಮೇಲಿಡಿ, ಹೇಳಿಕೊಡ್ತೀನಿ" ಅಂದೆ. ನೀರೆಷ್ಟು, ವೆಯ್ಟ್ ಯಾವಾಗ ಹಾಕಬೇಕು, ಎಲ್ಲವನ್ನೂ ಹೊರಗಿನಿಂದಲೇ ಕೂಗಿ ಹೇಳಿದೆ. ಸೀಟಿ ಕೇಳಿ ಅಕ್ಕಪಕ್ಕದವರು ಬಂದರು. ಅನ್ನ ಮಲ್ಲಿಗೆಯಂತೆ ಅರಳಿದೆ ಎಂದು ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ನನಗೆ ಅನ್ನ ಕಾಣಲಿಲ್ಲ.

ಸಂಜೆ ಎಸ್‌ಟಿಡಿ ಬೂತಿನಿಂದ ಮ್ಯಾನೇಜರಿಗೆ ತಿಳಿಸಿದೆ. "ಹೆಂಗಸರ ಕೈಲೇ ಮಾಡಿಸಿದ್ದು ಒಳ್ಳೇ ಐಡಿಯಾ ಕಣಯ್ಯ ಧರ್ಮೇಶ್. ಎಲ್ರಿಗೂ ಕಲಿಸು" ಅಂದರು. ಅದು ಹೇಗೆ ಹೊಳೆಯಿತೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಲಸ ಉಳಿಯಿತೆಂದು ಹೆಂಡತಿ ಲತಾಮಣಿ ಪಾಯಸ ಮಾಡಿದಳು. ಅವಳಿಗೂ ಹೇಳಲಿಲ್ಲ.

ನಾಳೆ ಹಳೇಬೀಡು. ಅಲ್ಲಿ ಯಾರಾದರೂ ಕೇಳುವ ಮೊದಲೇ ನಾನೇ ಹೊರಗೆ ಕೂತುಬಿಡುತ್ತೇನೇನೋ. ಅದೇ ಭಯ.