ಕಾಗುಣಿತವೋ, ಅಕ್ಕಿಯ ತಟ್ಟೆಯೋ

ಅರಕಲಗೂಡು, ೧೨ ಜುಲೈ ೧೯೬೧, ಬುಧವಾರ

ಇವತ್ತೂ ‘ಕೋಳಿ’ ಎಂಬ ಒಂದು ಪದವನ್ನು ದಾಟಲಿಲ್ಲ. ಸ್ಕೂಲಿನಲ್ಲಿ ಬೆತ್ತದ ಏಟು ತಿಂದು ಬಂದ ಮೇಲೆ ಮಗಳು ಪುಟ್ಟತಾಯಿಯನ್ನು ಬಿಡಿಸಿ, ಮನೆಯಲ್ಲಿ ನಾನೇ ಕಲಿಸುತ್ತಿದ್ದೇನೆ. ಎಂಟು ತುಂಬಿತು. ಕಾಗುಣಿತವನ್ನು ಹಾಡಿನಂತೆ ಹೇಳುತ್ತಾಳೆ. ಆದರೆ ‘ಕೋ’ ತೋರಿಸಿದರೆ ‘ಕ ಕಾ ಕಿ ಕೀ’ ಎಂದು ಮೊದಲಿನಿಂದ ಹಾಡಿಕೊಂಡೇ ಅಲ್ಲಿಗೆ ಬರಬೇಕು. ‘ಳಿ’ಗೂ ಹಾಗೆಯೇ. ಅಷ್ಟರಲ್ಲಿ ‘ಕೋ’ ಮರೆತುಹೋಗಿರುತ್ತದೆ.

ಮಲ್ಲಿಪಟ್ಟಣದಲ್ಲಿ ಮೇಷ್ಟ್ರಾಗಿರುವ ಭಾವ ಮೊನ್ನೆ ಬಂದಾಗ, “ಹಾಡು ಬುಡ್ಸಮ್ಮ. ಒಂದೊಂದೇ ಅಕ್ಷರಾನ ಅಕ್ಕಿ ಮ್ಯಾಲೆ ತಿದ್ಸು, ಜೊತೇಲೇ ಅದ್ರ ಶಬ್ದ ಹೇಳ್ಸು” ಎಂದಿದ್ದರು. ಅದಕ್ಕೇ ಇವತ್ತು ತಟ್ಟೆಯಲ್ಲಿ ಅಕ್ಕಿ ಹರಡಿ, ಹಾಡಕೂಡದು ಎಂದು ಗದರಿದೆ. ಮಗುವಿಗೆ ಬಾಯೇ ಕಟ್ಟಿಹೋಯಿತು. ಎಷ್ಟು ಕೇಳಿದರೂ ಉಸಿರಿಲ್ಲ. ತಟ್ಟೆಯನ್ನು ಅಲ್ಲೇ ಬಿಟ್ಟು ಅಡಿಗೆಮನೆಗೆ ಎದ್ದು ಹೋದೆ.

ಸಂಜೆ ನೋಡಿದರೆ ಹಿತ್ತಿಲಲ್ಲಿ ಬಟ್ಟೆಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಕೈ ಹಿಡಿದು ಮಣ್ಣಿನ ಮೇಲೆ ತಿದ್ದಿಸುತ್ತಿದ್ದಳು. ಎಷ್ಟು ಮೆಲ್ಲಗೆ!

“ತಪ್ಪಾದ್ರೂ ಆಗ್ಲಿ, ಏನಾದ್ರೂ ಹೇಳ್ಬುಡು ಕಣೇ. ಸುಮ್ಕಿದ್ರೆ ಅವ್ವ ಒಳಕ್ಕೋಗಿ ಅಳ್ತದೆ.”

ಬಾಗಿಲು ದಾಟಲು ನನ್ನಿಂದಾಗಲಿಲ್ಲ.

ನಾಳೆ ಹಾಡೋ, ಅಕ್ಕಿಯೋ, ಒಂದೂ ತೋಚುತ್ತಿಲ್ಲ. ಕಣ್ಣು ಯಾಕೆ ಕೆಂಪು ಎಂದು ಅವಳು ಕೇಳಿದಾಗಲೆಲ್ಲ ಒಲೆಯ ಹೊಗೆ ಎಂದಿದ್ದೇನೆ. ಅವಳೂ ಹೂಂ ಎಂದು, ಹತ್ತಿರ ಬಂದು, ನನ್ನ ಕಣ್ಣಿಗೆ ಉಫ್ ಎಂದು ಊದುತ್ತಿದ್ದಳು.